ಕಾರಿನ ಕಣ್ಣಿಗೆ ಪೊರೆ

ಮಂಗಳೂರಿನ ಯಾವುದಾದರೂ ಫ್ಲಾಟಿನ ಪಾರ್ಕಿಂಗ್‌ನಲ್ಲಿ ಒಂದು ಸುತ್ತು ಹಾಕಿ ನೋಡಿ. ಎಂಟು–ಹತ್ತು ವರ್ಷ ಬಿಸಿಲಲ್ಲಿ ನಿಂತ ಕಾರುಗಳ ಹೆಡ್‌ಲೈಟು ಹಳದಿ ತಿರುಗಿ, ವಯಸ್ಸಾದವರ ಕಣ್ಣಿಗೆ ಪೊರೆ ಬಂದ ಹಾಗೆ ಮಬ್ಬಾಗಿರ್ತದೆ. ಅಲ್ಲೇ ಯಾರೋ ಪ್ರೀತಿಯಿಂದ ಉಳಿಸಿಕೊಂಡ ಅಂಬಾಸಿಡರ್ ಇದ್ದರೆ, ಅದರ ದುಂಡು ದೀಪ ಮಾತ್ರ ಇನ್ನೂ ತಿಳಿಯಾಗಿರ್ತದೆ. ಹಳೇ ಗಾಡಿಯ ಕಣ್ಣು ಸರಿ ಇದೆ, ಹೊಸತರದ್ದು ಹೋಗಿದೆ! ಇದೆಂತ ಕಥೆ ಅಂತ ಗೊತ್ತಾಗಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

ಮಂಗಳೂರಿನಿಂದ ಬಸ್ಸುಗಳ ಓಡಾಟ ಶುರುವಾದದ್ದು 1914ರಲ್ಲಿ. ಸಿ.ಪಿ.ಸಿ. ಅಂತ ಹೆಸರಾಗಿದ್ದ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ, ಹನುಮಾನ್ ಟ್ರಾನ್ಸ್‌ಪೋರ್ಟ್, ಇವೆಲ್ಲ ನಮ್ಮ ಜಿಲ್ಲೆಯ ರಸ್ತೆ ಚರಿತ್ರೆಯ ದೊಡ್ಡ ಹೆಸರುಗಳು. ಇಂಡಿಯನ್ ಮೋಟಾರ್ ವೆಹಿಕಲ್ಸ್ ಕಾಯ್ದೆ ಬಂದದ್ದೂ ಅದೇ 1914ರಲ್ಲಿ. ಆಗಿನ್ನೂ ಜಗತ್ತಿನಲ್ಲಿ ಕಾರ್ಬೈಡ್ ಗ್ಯಾಸಿನ ದೀಪಗಳು ಹೋಗಿ ಕರೆಂಟಿನ ದೀಪಗಳು ಬರುತ್ತಿದ್ದ ಕಾಲ. ಉರಿಯುವುದು ಯಾವುದೇ ಇರಲಿ, ಎದುರಿಗಿದ್ದದ್ದು ಗಾಜು.

ಮುಂದಿನ ಕಾಯ್ದೆ 1939ರದ್ದು. ಮರುವರ್ಷ ಅಮೆರಿಕದಲ್ಲಿ ಏಳು ಇಂಚಿನ ದುಂಡು ಸೀಲ್ಡ್ ಬೀಮ್ ದೀಪವೇ ಎಲ್ಲ ಕಾರುಗಳಿಗೂ ನಿಯಮವಾಯಿತು. ನಮ್ಮ ಅಂಬಾಸಿಡರ್, ಫಿಯೆಟ್‌ಗಳ ಮುಖದಲ್ಲಿದ್ದದ್ದೂ ದುಂಡು ಗಾಜೇ. ಗಾಜಿಗೆ ಕಲ್ಲು ಬಿದ್ದರೆ ಒಡೆಯುತ್ತಿತ್ತು. ಒಡೆದದ್ದು ಕಣ್ಣಿಗೆ ಕಾಣುತ್ತಿತ್ತು, ಬದಲಾಯಿಸುತ್ತಿದ್ದರು. ನಿಧಾನವಾಗಿ ಹಳದಿಯಾಗುವ ರೋಗ ಅದಕ್ಕಿರಲಿಲ್ಲ.

1953ರಲ್ಲಿ ಜರ್ಮನಿಯ ಬೇಯರ್, ಅಮೆರಿಕದ ಜನರಲ್ ಎಲೆಕ್ಟ್ರಿಕ್, ಎರಡೂ ಕಂಪೆನಿಗಳವರು ತಂತಮ್ಮ ಪಾಡಿಗೆ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ ಕಂಡುಹಿಡಿದರು. 1983ರಲ್ಲಿ ಅಮೆರಿಕ ನಿಯಮ ಸಡಿಲಿಸಿದ ಮೇಲೆ ಇದು ಹೆಡ್‌ಲೈಟಿಗೆ ಬಂತು; ನಿಧಾನವಾಗಿ ನಮ್ಮಲ್ಲೂ ಗಾಜು ಮರೆಯಾಯಿತು. ಪ್ಲಾಸ್ಟಿಕ್ ಹಗುರ, ಕಲ್ಲಿಗೆ ಸುಲಭವಾಗಿ ಒಡೆಯುವುದಿಲ್ಲ, ಬೇಕಾದ ಆಕಾರಕ್ಕೆ ಬಾಗುತ್ತದೆ. ಆದರೆ ಬಿಸಿಲಿನ ಅಲ್ಟ್ರಾವಯಲೆಟ್ ಕಿರಣಕ್ಕೆ ಹಾಳಾಗುತ್ತದೆ. ಅದಕ್ಕೇ ಮೇಲೊಂದು ತೆಳು ಲೇಪ ಹಾಕಿರುತ್ತಾರೆ. ನಮ್ಮ ಕರಾವಳಿಯ ಬಿಸಿಲು, ತೇವ, ಹೆದ್ದಾರಿಯ ಧೂಳಿಗೆ ಆ ಲೇಪ ಸವೆದ ಮೇಲೆ ಪೊರೆ ಶುರು.

ಇಲ್ಲಿ ಒಂದು ವಿಷಯ ಗಮನಿಸಿ. ಈಗ ಇರುವ ಮೋಟಾರು ವಾಹನ ಕಾಯ್ದೆ 1988ರದ್ದು, ಅಂದರೆ ನಮ್ಮ ರಸ್ತೆಯಲ್ಲಿ ಇನ್ನೂ ಗಾಜಿನ ಕಾಲ. ಅದರ ಪ್ರಕಾರ ಸ್ವಂತ ಕಾರಿನ ರಿಜಿಸ್ಟ್ರೇಶನ್‌ಗೆ 15 ವರ್ಷದ ಆಯುಷ್ಯ. ಟ್ಯಾಕ್ಸಿ, ಲಾರಿಗಳು ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಎಫ್‌.ಸಿ. ಮಾಡಿಸಬೇಕು. ನಮ್ಮ ನಿಮ್ಮ ಕಾರಿಗೆ ಆ 15 ವರ್ಷ ಅಂಥ ತಪಾಸಣೆ ಇಲ್ಲ. ಪೊರೆ ಬರುವುದು ಅದರ ಅರ್ಧ ದಾರಿಯಲ್ಲೇ! ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ, ಹಾರ್ಡ್‌ವೇರ್ ಬದಲಾಯಿತು, ಕೋಡ್ ಅಪ್‌ಡೇಟ್ ಆಗಲಿಲ್ಲ.

ಇದು ಬರೀ ಚಂದದ ಪ್ರಶ್ನೆ ಅಲ್ಲ ಮಾರಾಯ್ರೆ. ಅಮೆರಿಕದ ವಾಹನ ಮಾಲೀಕರ ಸಂಘ ಎ.ಎ.ಎ. 2018ರಲ್ಲಿ ಪರೀಕ್ಷಿಸಿದಾಗ, ಹಾಳಾದ ಹೆಡ್‌ಲೈಟು ಡಿಮ್‌ನಲ್ಲಿ ಕೊಟ್ಟದ್ದು ಹೊಸದರ ಬೆಳಕಿನ ಸುಮಾರು 22 ಶೇಕಡಾ ಮಾತ್ರ. ಉಳಿದದ್ದರಲ್ಲಿ ಒಂದು ಪಾಲು ಮಬ್ಬಿನಲ್ಲಿ ಚದುರಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಬೆಳಕು ಸಾಲದು ಅಂತ ಪವರ್ ಜಾಸ್ತಿಯ ಬಲ್ಬ್ ಹಾಕಿದರೆ ಚದುರುವುದೂ ಜಾಸ್ತಿ. ಆಟಿ ತಿಂಗಳ ಮಳೆಯಲ್ಲಿ, ಕಪ್ಪು ಕೊಡೆ ಹಿಡಿದು ರಸ್ತೆ ಬದಿಯಲ್ಲಿ ಮನೆಗೆ ನಡೆಯುವವರು ಇದ್ದಾರಲ್ಲ, ಅವರು ಕಾಣುವುದೇ ಹತ್ತಿರ ಬಂದ ಮೇಲೆ.

ಮದ್ದು ಕಷ್ಟದ್ದಲ್ಲ. ರಾತ್ರಿ ಗೋಡೆಯ ಎದುರು ನಿಲ್ಲಿಸಿ ಡಿಮ್ ಹಾಕಿ. ಬೆಳಕಿನ ಮೇಲಂಚು ಸ್ಪಷ್ಟವಾಗಿ ಕಾಣದೆ ಕಲಸಿಹೋಗಿದ್ದರೆ ಲೆನ್ಸ್ ನೋಡಿಸಿ. ಮಬ್ಬು ಹೊರಗಡೆಯದ್ದಾದರೆ ಗ್ಯಾರೇಜಿನಲ್ಲಿ ವಾಟರ್ ಪೇಪರ್‌ನಿಂದ ಉಜ್ಜಿ, ಪಾಲಿಶ್ ಮಾಡಿ ಕೊಡ್ತಾರೆ. ಆದರೆ ಯು.ವಿ. ಲೇಪ ಹಾಕ್ತೀರಾ ಅಂತ ಕೇಳಲೇಬೇಕು. ಅದಿಲ್ಲದಿದ್ದರೆ, ಟೂತ್‌ಪೇಸ್ಟ್ ಉಜ್ಜಿದ ಹಾಗೆ, ಸ್ವಲ್ಪ ದಿನ ಮಿಂಚಿ ಪುನಃ ಹಳದಿ. ಒಳಗೇ ಮಬ್ಬು ಹಿಡಿದಿದ್ದರೆ ಹೊಸದೇ ಗತಿ. ಟೈರು ಸವೆಯುತ್ತದೆ ಅಂತ ನಾವೆಲ್ಲ ಒಪ್ಪಿ ಬದಲಾಯಿಸ್ತೇವೆ. ಹೆಡ್‌ಲೈಟೂ ಈಗ ಸವೆಯುವ ಸಾಮಾನೇ. ಕಾನೂನು ಹೇಳುವವರೆಗೆ ಕಾಯದೆ, ಮಳೆಗಾಲದ ಮೊದಲು ವೈಪರ್ ಜೊತೆ ಅದನ್ನೂ ನೋಡಿಸಿಬಿಡಿ.