ಮಗ್ಗದ ಕೇರಿ ಚದುರುವ ಬಗೆ

ಇಂದು ಬೆಳಗಾವಿಯ ನಡುವೆಯೇ ಇರುವ ಶಹಾಪುರ 1948ರವರೆಗೆ ಸಾಂಗಲಿ ಸಂಸ್ಥಾನದ್ದು. ಅಲ್ಲಿಯೂ ಪಕ್ಕದ ವಡಗಾವಿ, ಖಾಸಬಾಗಗಳಲ್ಲಿಯೂ ನೇಕಾರನ ಮನೆಯೇ ಕಾರ್ಖಾನೆ. ಒಬ್ಬರು ನೂಲಿಗೆ ಬಣ್ಣ ಕಟ್ಟಬೇಕು, ಒಬ್ಬರು ಕಂಡಿಕೆ ಸುತ್ತಬೇಕು, ಇನ್ನೊಬ್ಬರು ಹಾಸು ಹೂಡಬೇಕು. ಆಗಲೇ ಮಗ್ಗದಿಂದ ಸೀರೆ ಇಳಿಯುವುದು. ಇಂಥ ಕಸುಬಿಗೆ ನೆರೆಹೊರೆಯೇ ಬಂಡವಾಳ. ಆದ್ದರಿಂದ ಈ ಕೇರಿ ಚದುರಲು ಎಲ್ಲರನ್ನೂ ಒಕ್ಕಲೆಬ್ಬಿಸಬೇಕಿಲ್ಲ. ಜಾಗದ ಬೆಲೆ, ಬಾಡಿಗೆ ಏರಿ ನಾಲ್ಕಾರು ಮನೆ ಖಾಲಿಯಾದರೂ ಉಳಿದವರ ಕೆಲಸ ಕುಂಟುತ್ತದೆ.

ಕೇರಿ ಒಡೆದದ್ದು ವಿದ್ಯುತ್ ಮಗ್ಗ ಮತ್ತು ಸೂರತ್ತಿನ ಅಗ್ಗದ ಸೀರೆ, ನಗರವಲ್ಲ ಎನ್ನುವವರಿದ್ದಾರೆ. ಪೈಪೋಟಿಯ ಪೆಟ್ಟು ನಿಜ. ಆದರೆ ವಿದ್ಯುತ್ ಮಗ್ಗವೂ ಇಲ್ಲಿ ಮನೆಯೊಳಗೇ ಬಂತು, ನೆರೆಯ ನಂಟನ್ನು ಪೂರ್ತಿ ಕಡಿಯಲಿಲ್ಲ. ಹಳೆಯ ಕೇರಿಗಳು ಜಾತಿಯ ಗೆರೆಯ ಮೇಲೂ ನಿಂತಿದ್ದವು, ಹೊರಹೋಗುವುದೇ ಬಿಡುಗಡೆ ಎಂಬ ಮಾತು ಇದಕ್ಕಿಂತ ತೂಕದ್ದು. ಓದಿದ ಮಕ್ಕಳು ಬೇರೆ ಬದುಕು ಆರಿಸಿಕೊಂಡರೆ ಅದು ಅವರ ಹಕ್ಕು. ನನ್ನ ತಕರಾರು ಆಯ್ಕೆಯೇ ಇಲ್ಲದವರ ಬಗ್ಗೆ. 2016ರಲ್ಲಿ ಬೆಳಗಾವಿ ಸ್ಮಾರ್ಟ್ ಸಿಟಿಗಳ ಮೊದಲ ಪಟ್ಟಿ ಸೇರಿತು; ರಸ್ತೆ, ದೀಪಗಳ ಲೆಕ್ಕವಿಡುವುದು ಸುಲಭ. ಬಾಡಿಗೆ ಮನೆಯಲ್ಲಿ ಕೂಲಿಗೆ ನೇಯುವವರು ಯಾವ ಲೆಕ್ಕಕ್ಕೆ? 2013ರ ಭೂಸ್ವಾಧೀನ ಕಾಯ್ದೆ ಬಾಡಿಗೆದಾರರನ್ನೂ ಕುಶಲಕರ್ಮಿಗಳನ್ನೂ ಬಾಧಿತ ಕುಟುಂಬಗಳೆಂದು ಗುರುತಿಸುತ್ತದೆ, ಆದರೆ ಸರ್ಕಾರ ಜಮೀನು ವಶಪಡಿಸಿಕೊಂಡಾಗ ಮಾತ್ರ. ಬಾಡಿಗೆ ಏರಿ ಮನೆ ಬಿಟ್ಟವರು ಅದರ ವ್ಯಾಪ್ತಿಗೇ ಬರುವುದಿಲ್ಲ.