ಒಣಸೀಮೆಯ ಆರ್ಕಿಡ್ ಮತ್ತು ಅದನ್ನು ಸಾಕುವ ಶಿಲೀಂಧ್ರ: ವಿಜಯನಗರ ಜಿಲ್ಲೆಯ ಐದು ತಾಲ್ಲೂಕುಗಳ ಹಿನ್ನೆಲೆಯಲ್ಲಿ

ಕರ್ನಾಟಕದಲ್ಲಿ ಆರ್ಕಿಡ್ ಎಂದರೆ ಮಲೆನಾಡು, ಮಲೆನಾಡಿನ ಆರ್ಕಿಡ್ ಎಂದರೆ ಸೀತಾಳೆ ದಂಡೆ. ಅಧ್ಯಯನಗಳೂ ಬಹುಮಟ್ಟಿಗೆ ಅದೇ ದಾರಿ ಹಿಡಿದಿವೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಹೆಸರು ಈ ಚರ್ಚೆಯಲ್ಲಿ ಬರುವುದೇ ಅಪರೂಪ. ಮಸಾರಿ ನೆಲ, ಕಲ್ಲುಗುಡ್ಡ, ಕುರುಚಲು ಕಾಡು, ಕೈಕೊಡುವ ಮಳೆ: ಇಲ್ಲಿ ಆರ್ಕಿಡ್‌ಗೇನು ಕೆಲಸ ಎನ್ನುವವರೇ ಹೆಚ್ಚು. ಆದರೆ ಒಣಸೀಮೆಯಲ್ಲಿ ಆರ್ಕಿಡ್ ಎಲ್ಲಿ ನೆಲೆಯೂರಬೇಕು ಎಂಬುದನ್ನು ಮಳೆಯೂ ಮರವೂ ಮಾತ್ರ ತೀರ್ಮಾನಿಸುವುದಿಲ್ಲ. ಮೊಳಕೆಗೆ ಉಣಿಸುವ ಶಿಲೀಂಧ್ರಕ್ಕೂ ಅದರಲ್ಲಿ ಪಾಲಿದೆ. ನಮ್ಮ ಸಸ್ಯದಾಖಲೆಗಳು ಬಿಟ್ಟುಬಿಟ್ಟದ್ದು ಇದನ್ನೇ.

ದಾಖಲೆ ಇಲ್ಲವೆಂದಲ್ಲ. 1795ರಲ್ಲಿ ವಿಲಿಯಂ ರಾಕ್ಸ್‌ಬರ್ಗ್ ಕೋರಮಂಡಲ ಕರಾವಳಿಯ ಸಸ್ಯಗಳನ್ನು ಕುರಿತ ಗ್ರಂಥದಲ್ಲಿ ಎಪಿಡೆಂಡ್ರಮ್ ಟೆಸೆಲೇಟಮ್ ಎಂಬ ಆರ್ಕಿಡನ್ನು ವರ್ಣಿಸಿದ. ಅದೇ ಇಂದಿನ ವಾಂಡಾ ಟೆಸೆಲೇಟಾ. ದಪ್ಪ ಪಟ್ಟಿಯಂಥ ಎಲೆ, ಕಂದು ಗೆರೆಗಳು ಹೆಣೆದುಕೊಂಡ ಹೂದಳ, ತೊಗಟೆಗೆ ಅಂಟಿ ಓಡುವ ಬೆಳ್ಳನೆಯ ಬೇರು. ದಖ್ಖನಿನ ಬಿಸಿಲನ್ನು ತಾಳಬಲ್ಲ ಗಿಡ. ಬದನಿಕೆಯಂತೆ ಮರದ ರಸ ಹೀರುವುದಿಲ್ಲ, ಕೂರಲು ಜಾಗ ಕೇಳುತ್ತದೆ ಅಷ್ಟೆ. ಬಳಿಕ ರಾಬರ್ಟ್ ವೈಟ್ ತನ್ನ ಸಚಿತ್ರ ಸಂಪುಟಗಳಲ್ಲಿ ದಕ್ಷಿಣ ಭಾರತದ ಅನೇಕ ಆರ್ಕಿಡ್‌ಗಳನ್ನು ಅಚ್ಚು ಹಾಕಿಸಿದ. ಚಿತ್ರ ಬರೆದವರಲ್ಲಿ ಗೋವಿಂದು ಒಬ್ಬ. ಒಂದು ಆರ್ಕಿಡ್ ಕುಲಕ್ಕೆ ವೈಟ್ ಅವನ ಹೆಸರನ್ನೇ ಇಟ್ಟ. ಮುಂದಿನವರು ಅದನ್ನು ಟ್ರೊಪಿಡಿಯಾ ಕುಲದಲ್ಲಿ ಸೇರಿಸಿಬಿಟ್ಟರು.

ಈ ತಾಲ್ಲೂಕುಗಳು 1953ರವರೆಗೆ ಮದ್ರಾಸಿಗೆ ಸೇರಿದ್ದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಹಾಗಾಗಿ ಇಲ್ಲಿನ ಸಸ್ಯಗಳು 1915ರಿಂದ ಬರತೊಡಗಿದ ಗ್ಯಾಂಬಲ್‌ರ ಮದ್ರಾಸ್ ಪ್ರಾಂತದ ಸಸ್ಯಸಂಪುಟಗಳ ವ್ಯಾಪ್ತಿಗೆ ಬರುತ್ತವೆ. 1928ರ ಆರ್ಕಿಡ್ ಭಾಗವನ್ನು ಬರೆದವರು ಫಿಷರ್. ಒಣಗಿಸಿದ ಸಸ್ಯಮಾದರಿಯ ಹಳೆಯ ಹಾಳೆಯಲ್ಲಿ ಬರೀ 'ಬಳ್ಳಾರಿ' ಎಂದಿದ್ದರೆ ಅದು ಕೂಡ್ಲಿಗಿಯೂ ಆಗಬಹುದು, ಹಡಗಲಿಯೂ ಆಗಬಹುದು. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ ಹೋಗಿ, ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಈ ಗ್ರಂಥಗಳಲ್ಲಿ ಹೂವಿನ ಅಳತೆಯಿದೆ, ಎಲೆಯ ಆಕಾರವಿದೆ. ಬೇರಿನ ಒಳಗಿನ ಮಾತಿಲ್ಲ.

ಫಿಷರ್ ಬರೆಯುವ ಹೊತ್ತಿಗೆ ಆ ಒಳಗಿನ ಕಥೆ ಯುರೋಪಿನಲ್ಲಿ ಬಯಲಾಗಿ ಮೂರು ದಶಕ ಸಮೀಪಿಸಿತ್ತು. 1899ರ ಮೇ ತಿಂಗಳಲ್ಲಿ, ಸೈನಿಕ ಸೇವೆಯಲ್ಲಿದ್ದ ನೋಯೆಲ್ ಬರ್ನಾರ್ ಎಂಬ ಫ್ರೆಂಚ್ ಯುವಕ ಫೊಂತೆನ್‌ಬ್ಲೋ ಕಾಡಿನಲ್ಲಿ ನಿಯೋಟಿಯಾ ಆರ್ಕಿಡ್‌ನ ಎಳೆ ಮೊಳಕೆಗಳನ್ನು ಕಂಡ. ಎಲ್ಲದರೊಳಗೂ ಶಿಲೀಂಧ್ರವಿತ್ತು. ಶಿಲೀಂಧ್ರ ಹೊಕ್ಕರೆ ಮಾತ್ರ ಬೀಜ ಮೊಳೆಯುತ್ತದೆ ಎಂದು ಆತ ವಾದಿಸಿದ; 1911ರಲ್ಲಿ 36ನೇ ವಯಸ್ಸಿಗೆ ತೀರಿಕೊಂಡ. ಜರ್ಮನಿಯ ಹಾನ್ಸ್ ಬುರ್ಗೆಫ್ 1909ರಲ್ಲಿ ಈ ಬೇರು ಶಿಲೀಂಧ್ರಗಳ ಮೇಲೆ ಗ್ರಂಥವನ್ನೇ ತಂದಿದ್ದ.

ಶಿಲೀಂಧ್ರದ ಹಂಗು ಯಾಕೆಂದರೆ, ಆರ್ಕಿಡ್ ಬೀಜಕ್ಕೆ ಬುತ್ತಿಯಿಲ್ಲ. ಒಂದು ಕಾಯಿಯಲ್ಲಿ ಕೆಲವು ಸಾವಿರದಿಂದ ಹಿಡಿದು 40 ಲಕ್ಷದವರೆಗೆ ಬೀಜಗಳಿರಬಹುದು. ಕಾಯಿ ಬಿರಿದರೆ ಹೊಟ್ಟಿನ ಧೂಳಿನಂತೆ ಗಾಳಿಗೆ ಹಾರುತ್ತವೆ. ಭ್ರೂಣದಲ್ಲಿ ಒಂದಿಷ್ಟು ಕೊಬ್ಬು, ಪ್ರೋಟೀನ್ ಇದ್ದರೂ ಅದರ ಬಲದಿಂದಲೇ ಸಸಿಯಾಗಲಾರದು. ಶಿಲೀಂಧ್ರದ ಎಳೆ ಒಳಹೊಕ್ಕು ಜೀವಕೋಶದೊಳಗೆ ಉಂಡೆಯಾಗಿ ಸುತ್ತಿಕೊಳ್ಳುತ್ತದೆ. ಕೆಲ ದಿನಗಳಲ್ಲಿ ಕೋಶವು ಆ ಉಂಡೆಯನ್ನು ಕರಗಿಸಿಕೊಳ್ಳುತ್ತದೆ. ಅದೇ ಕೋಶದಲ್ಲಿ ಮತ್ತೊಂದು ಉಂಡೆ ಕಟ್ಟಬಹುದು. ಹೀಗೆ ಸಿಕ್ಕ ಆಹಾರದಿಂದ ಬೀಜವು ಎಲೆಯೂ ಬೇರೂ ಇಲ್ಲದ ಸಣ್ಣ ಗಡ್ಡೆಯಾಗಿ ಊದಿ, ನಂತರವೇ ಎಲೆ ಬಿಡುತ್ತದೆ. ಗಿಡ ಬರೀ ಸಾಲಗಾರನಲ್ಲ ಎಂಬುದು ತಡವಾಗಿ ತಿಳಿಯಿತು: ಹಸಿರಾದ ಗುಡ್ಯೇರಾ ಎಂಬ ಆರ್ಕಿಡ್ ಶಿಲೀಂಧ್ರಕ್ಕೆ ಇಂಗಾಲ ಮರಳಿಸುವುದನ್ನು 2006ರಲ್ಲಿ ಕ್ಯಾಮರಾನ್ ಮತ್ತು ಸಂಗಡಿಗರು ತೋರಿಸಿದರು.

ಈ ಶಿಲೀಂಧ್ರಗಳಲ್ಲಿ ಹೆಚ್ಚಿನವು ರೈಜೋಕ್ಟೋನಿಯಾ ಎಂದು ಒಟ್ಟಾಗಿ ಕರೆಯುವ ಗುಂಪಿನವು. ತುಂಗಭದ್ರೆಯ ನೀರುಂಡ ಗದ್ದೆಗಳ ರೈತರಿಗೆ ಇದರ ಇನ್ನೊಂದು ಮುಖ ಗೊತ್ತು: ಭತ್ತದ ಎಲೆಕವಚಕ್ಕೆ ರೋಗ ತರುವುದು ರೈಜೋಕ್ಟೋನಿಯಾ ಸೊಲಾನಿ. ಅದೇ ಜಾತಿ ಆರ್ಕಿಡ್‌ನೊಳಗೂ ವಾಸಿಸಬಲ್ಲದೆಂದು 1957ರಲ್ಲಿ ಡೌನಿ ವರದಿ ಮಾಡಿದರು. ಒಂದು ಬೆಳೆಗೆ ಮಾರಿಯಾದದ್ದು ಇನ್ನೊಂದು ಗಿಡಕ್ಕೆ ದಾದಿ.

1922ರಲ್ಲಿ ಅಮೆರಿಕದ ಲೂಯಿಸ್ ನುಡ್ಸನ್ ಸಕ್ಕರೆ ಬೆರೆಸಿದ ಮಾಧ್ಯಮದಲ್ಲಿ, ಶಿಲೀಂಧ್ರವಿಲ್ಲದೆಯೇ ಬೀಜ ಮೊಳೆಯಿಸಿದ. ಆರ್ಕಿಡ್ ಉದ್ಯಮ ಬೆಳೆದದ್ದು ಆ ದಾರಿಯಲ್ಲಿ, ಅದರ ಉಪಕಾರ ದೊಡ್ಡದು. ಆದರೆ ಸೀಸೆಯಲ್ಲಿ ಬೆಳೆದ ಸಸಿಯನ್ನು ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಕಾಡಿನ ಮರಕ್ಕೆ ಕಟ್ಟಿದ ಮಾತ್ರಕ್ಕೆ ಅಲ್ಲಿ ಆರ್ಕಿಡ್ ಮರಳಿತೆನ್ನಲಾಗದು. ಆ ಗಿಡ ಬೀಜ ಬಿಟ್ಟಾಗ ತೊಗಟೆಯಲ್ಲಿ ಶಿಲೀಂಧ್ರ ಇರಬೇಕಲ್ಲ. ಮರವಾಸಿ ಆರ್ಕಿಡ್‌ಗಳಲ್ಲಿ ತೊಗಟೆಗೆ ತಾಗಿದ ಬೇರಿನಲ್ಲೇ ಶಿಲೀಂಧ್ರ ಹೆಚ್ಚು. ಗಾಳಿಯಲ್ಲಿ ತೂಗುವ ಬೇರಿನಲ್ಲಿ ಕಡಿಮೆ, ಹಲವು ಸಲ ಇಲ್ಲವೇ ಇಲ್ಲ. ಒಣಸೀಮೆಯ ತೊಗಟೆ ವರ್ಷದ ಬಹುಕಾಲ ಕಾದಿರುತ್ತದೆ. ಆದ್ದರಿಂದ ಬಿರುಕುಗಳಲ್ಲಿ ತೇವವನ್ನೂ ಕೊಳೆತ ಎಲೆಪುಡಿಯನ್ನೂ ಹಿಡಿದಿಡುವ ಹಳೆಯ ಹುಣಸೆ, ಮಾವುಗಳನ್ನು ಮೊದಲು ನೋಡಬೇಕು ಎಂಬುದು ನನ್ನ ಅಭಿಪ್ರಾಯ.

ಯಾವ ತೊಗಟೆಯಲ್ಲಿ ಆ ಶಿಲೀಂಧ್ರವಿದೆ ಎಂದು ಪರೀಕ್ಷಿಸುವ ವಿಧಾನ ಹೊಸದೇನಲ್ಲ. ರಾಸ್ಮುಸೆನ್ ಮತ್ತು ವಿಗ್ಯಾಮ್ 1993ರಲ್ಲಿ ಬೀಜವನ್ನು ನೈಲಾನ್ ಬಲೆಯೊಳಗಿಟ್ಟು ನೆಲದಲ್ಲಿ ಹೂತು, ಆಮೇಲೆ ತೆಗೆದು ಎಣಿಸುವ ಕ್ರಮ ಕೊಟ್ಟರು. ಇಲ್ಲಿ ಆ ಬಲೆಗಳನ್ನು ತೊಗಟೆಗೆ ಕಟ್ಟಬೇಕು: ಆರ್ಕಿಡ್ ಇರುವ ಮರಕ್ಕೂ, ಇಲ್ಲದ ಪಕ್ಕದ ಮರಕ್ಕೂ. ಮುಂಗಾರಿಗೆ ಮುಂಚೆ ಕಟ್ಟಿ, ಹಿಂಗಾರು ಮುಗಿದ ಮೇಲೆ ಬಿಚ್ಚಿ, ಮೊಳೆತ ಬೀಜದಿಂದ ಶಿಲೀಂಧ್ರವನ್ನು ಬೇರ್ಪಡಿಸಿ, ಸಸ್ಯದ ಹಾಳೆಯ ಜೊತೆಗೇ ಅದರ ಹೆಸರನ್ನೂ ಬರೆದಿಡಬೇಕು.