ರಿಯೋ ಟಿಂಟೋ: ಪೈರೈಟ್ ಗಣಿಗಳು ಮತ್ತು ಕೆಂಪು ನದಿ

ಪೈರೈಟ್ ಎಂಬುದು ಕಬ್ಬಿಣ ಮತ್ತು ಗಂಧಕಗಳ ಸಂಯುಕ್ತ. ಹಿತ್ತಾಳೆಯಂತೆ ಹೊಳೆಯುವ ಈ ಖನಿಜವನ್ನು ಚಿನ್ನವೆಂದು ಭ್ರಮಿಸಿದವರು ಅನೇಕರಾದುದರಿಂದ ಇದಕ್ಕೆ ‘ಮೂರ್ಖರ ಚಿನ್ನ’ ಎಂಬ ಅಡ್ಡಹೆಸರು ಬಂದಿದೆ. ಇವೆರಡನ್ನು ಬೇರ್ಪಡಿಸಿ ಗುರುತಿಸುವುದು ಕಷ್ಟವಲ್ಲ. ನುಣುಪು ಲೇಪವಿಲ್ಲದ ಪಿಂಗಾಣಿಯ ಮೇಲೆ ಉಜ್ಜಿದರೆ ಚಿನ್ನವು ಹಳದಿ ಗೆರೆಯನ್ನೂ ಪೈರೈಟ್ ಹಸಿರುಗಪ್ಪು ಗೆರೆಯನ್ನೂ ಮೂಡಿಸುತ್ತವೆ. ಪೈರೈಟಿನ ತೂಕದಲ್ಲಿ ಶೇ. 53ರಷ್ಟು ಗಂಧಕವೇ ಇರುತ್ತದೆ. ಅದರ ಬೆಲೆಗೂ ಅದು ತಂದೊಡ್ಡುವ ಅಪಾಯಕ್ಕೂ ಈ ಗಂಧಕವೇ ಮೂಲ. ದಕ್ಷಿಣ ಸ್ಪೇನಿನ ರಿಯೋ ಟಿಂಟೋ ಗಣಿ ಪ್ರದೇಶ ಇದಕ್ಕೆ ಉತ್ತಮ ನಿದರ್ಶನ.

ನಿಕ್ಷೇಪದ ಹುಟ್ಟು

ಸ್ಪೇನಿನಿಂದ ಪೋರ್ಚುಗಲ್‌ವರೆಗೆ ಸುಮಾರು 250 ಕಿ.ಮೀ. ಹಬ್ಬಿರುವ ಪೈರೈಟ್ ವಲಯದಲ್ಲಿ ಈ ಗಣಿಗಳಿವೆ. ಸುಮಾರು 35 ಕೋಟಿ ವರ್ಷಗಳ ಹಿಂದೆ ಸಮುದ್ರತಳದ ಬಿಸಿನೀರಿನ ಊಟೆಗಳು ಹೊತ್ತು ತಂದ ಲೋಹಗಳು ಗಂಧಕದೊಡನೆ ಸೇರಿ ಇಲ್ಲಿ ಶೇಖರಗೊಂಡವು. ಪೈರೈಟಿನ ಜೊತೆಗೆ ತಾಮ್ರ, ಸತು, ಸೀಸ ಹಾಗೂ ಅಲ್ಪ ಪ್ರಮಾಣದ ಬೆಳ್ಳಿ, ಚಿನ್ನಗಳೂ ಇವೆ. ರೋಮನ್ನರು ಇಲ್ಲಿ ಬೆಳ್ಳಿ ಮತ್ತು ತಾಮ್ರವನ್ನು ತೆಗೆದಿದ್ದರು.

ಗಂಧಕದ ಬೆಲೆ

1873ರಲ್ಲಿ ಸ್ಪೇನ್ ಸರ್ಕಾರವು ಈ ಗಣಿಗಳನ್ನು ಬ್ರಿಟಿಷ್ ಹೂಡಿಕೆದಾರರ ಕಂಪನಿಯೊಂದಕ್ಕೆ ಮಾರಿತು. ಆ ಕಾಲದಲ್ಲಿ ಕೈಗಾರಿಕೆಗಳಿಗೆ ಬೇಕಾದ ಗಂಧಕಾಮ್ಲಕ್ಕೆ ಪೈರೈಟ್ ಮುಖ್ಯ ಕಚ್ಚಾವಸ್ತುವಾಗಿತ್ತು. ತಾಮ್ರ ತೆಗೆಯಲು ಅದಿರಿನ ರಾಶಿಗಳನ್ನು ಬಯಲಿನಲ್ಲೇ ಸುಡುತ್ತಿದ್ದರು. ಅದರ ವಿಷಹೊಗೆ ಜನರ ಆರೋಗ್ಯವನ್ನೂ ರೈತರ ಬೆಳೆಗಳನ್ನೂ ಹಾಳುಮಾಡಿತು. 1888ರ ಫೆಬ್ರುವರಿ 4ರಂದು ಇದನ್ನು ಪ್ರತಿಭಟಿಸಿ ನೆರೆದ ಕಾರ್ಮಿಕರು ಮತ್ತು ರೈತರ ಮೇಲೆ ಸೈನಿಕರು ಗುಂಡು ಹಾರಿಸಿದರು. ಮಡಿದವರ ಸಂಖ್ಯೆಯ ಬಗ್ಗೆ ಇಂದಿಗೂ ಒಮ್ಮತವಿಲ್ಲ.

ಆಮ್ಲದ ನದಿ

ಪೈರೈಟಿಗೆ ಗಾಳಿ ಮತ್ತು ನೀರು ತಗುಲಿದಾಗ ಗಂಧಕಾಮ್ಲ ಉಂಟಾಗುತ್ತದೆ. ಕಬ್ಬಿಣವನ್ನು ಉಣ್ಣುವ ಬ್ಯಾಕ್ಟೀರಿಯಾಗಳು ಈ ಕ್ರಿಯೆಯನ್ನು ಬಹಳವಾಗಿ ಚುರುಕುಗೊಳಿಸುತ್ತವೆ. ಸುಮಾರು 100 ಕಿ.ಮೀ. ಹರಿಯುವ ಟಿಂಟೋ ನದಿಯ ಕೆಂಪು ಬಣ್ಣಕ್ಕೆ ಕರಗಿದ ಕಬ್ಬಿಣವೇ ಕಾರಣ. ಅದರ ನೀರಿನ ಪಿಎಚ್ ಮೌಲ್ಯ 2ರ ಆಸುಪಾಸಿನಲ್ಲಿದ್ದು, ನಿಂಬೆರಸದಷ್ಟು ಹುಳಿಯಾಗಿದೆ. ಗಣಿಗಾರಿಕೆಗೆ ಮುನ್ನವೇ ನದಿ ಆಮ್ಲೀಯವಾಗಿತ್ತಾದರೂ, ಅಗೆದ ಗುಂಡಿಗಳೂ ತ್ಯಾಜ್ಯದ ದಿಬ್ಬಗಳೂ ಆಮ್ಲವನ್ನು ಹೆಚ್ಚಿಸಿವೆ. ಗಣಿ ಮುಚ್ಚಿದರೂ ಈ ಕ್ರಿಯೆ ನಿಲ್ಲುವುದಿಲ್ಲ. ಇದೇ ವಲಯದ ಅಸ್ನಾಲ್ಕೊಯಾರ್‌ನಲ್ಲಿ 1998ರ ಏಪ್ರಿಲ್‌ನಲ್ಲಿ ಗಣಿತ್ಯಾಜ್ಯದ ಕಟ್ಟೆ ಒಡೆದು ಲಕ್ಷಾಂತರ ಘನ ಮೀಟರ್ ಆಮ್ಲೀಯ ನೀರು ಮತ್ತು ಕೆಸರು ನದಿಯನ್ನೂ ಹೊಲಗಳನ್ನೂ ಆವರಿಸಿತ್ತು.

ಸಂದರ್ಶಕರಿಗೆ

ರಿಯೋ ಟಿಂಟೋದಲ್ಲಿ 2001ರಲ್ಲಿ ನಿಂತಿದ್ದ ತಾಮ್ರದ ಗಣಿಗಾರಿಕೆ 2015ರಲ್ಲಿ ಪುನರಾರಂಭವಾಯಿತು. ಇಲ್ಲಿನ ಗಣಿ ವಸ್ತುಸಂಗ್ರಹಾಲಯದ ಜೊತೆಗೆ ಪೆನ್ಯಾ ದೆ ಇಯೆರ್ರೋ ಗಣಿಯ ಸುರಂಗವನ್ನೂ ಮಾರ್ಗದರ್ಶಕರೊಡನೆ ನೋಡಬಹುದಾಗಿದೆ. ಆದರೆ ಪಾಳುಬಿದ್ದ ಪೈರೈಟ್ ಸುರಂಗಗಳನ್ನು ಯಾರೂ ತಾವಾಗಿ ಹೊಗಬಾರದು. ಬಂಡೆ ಕುಸಿಯುವ ಭಯ ಒಂದೆಡೆಯಾದರೆ, ಪೈರೈಟ್ ತನ್ನ ಸುತ್ತಲಿನ ಗಾಳಿಯ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ ಎಂಬುದು ಇನ್ನೂ ದೊಡ್ಡ ಅಪಾಯ. ಆಮ್ಲಜನಕ ತೀರಿದ ಗಾಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಒಳಹೊಕ್ಕವರು ಎಚ್ಚೆತ್ತುಕೊಳ್ಳುವ ಮೊದಲೇ ಪ್ರಜ್ಞೆ ತಪ್ಪುತ್ತದೆ.